ಸಫಾರಿಯ ಗಂಟುಮೂಟೆ

ಆಫ್ರಿಕಾಖಂಡದ ಕಾಡುಪ್ರಾಣಿಗಳನ್ನು ಅವು ಇರುವೆಡೆಯಲ್ಲಿಯೇ ಹೋಗಿ ನೋಡಿಬರಬೇಕೆಂಬ ಆಸೆ ಈಚೆಗೆ ನಮ್ಮ ಜನರಲ್ಲಿಯೂ ಬೆಳೆಯುತ್ತಿದೆ. ಹೋಗಿಬಂದವರು ಸಿಂಹದ ವಿಚಾರ ಹೇಳುತ್ತಾರೆ, ಆನೆಯ ವಿಚಾರ ಹೇಳುತ್ತಾರೆ. ಹೋಗುವಾಗ ಚೀಲದಲ್ಲಿ ಏನೇನನ್ನು ಇಟ್ಟುಕೊಂಡಿದ್ದರೆಂಬುದನ್ನು ಹೇಳುವವರು ಮಾತ್ರ ಕಡಮೆ. ಅದು ಅಷ್ಟೊಂದು ಘನವಾದ ವಿಷಯವಲ್ಲವೆಂದು ಅವರು ಭಾವಿಸಿರಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ಎರಡು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಸೋದರಮಾವನವರೂ ಕೆನ್ಯಾ ದೇಶಕ್ಕೆ ಹೋಗಿಬಂದೆವು. ಮಾವನವರ ಮಗಳೂ ಅಳಿಯನೂ ನೈರೋಬಿಯಲ್ಲಿದ್ದಾರೆ. ಬಹಳ ದಿನಗಳಿಂದ ಕರೆಯುತ್ತಿದ್ದರು. ಗಂಟು ಕಟ್ಟುವುದರಲ್ಲಿ ನಾವು ಮಾಡಿದ ತಪ್ಪುಗಳು ಹಲವು. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಈಗ ನೆನೆದರೆ ನಗು ಬರುತ್ತದೆ. ಆ ಒಂದರ ಮಾತನ್ನು ಕೊನೆಗೆ ಹೇಳುತ್ತೇನೆ.

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಶಬ್ದ. ಅರಬ್ಬಿಯ ‘ಸಫರ್’ ಅದರ ಮೂಲ. ಹಿಂದೂಸ್ಥಾನಿಯಲ್ಲಿ ನಾವು ಕೇಳುವ ಸಫರ್ ಸಹ ಅದೇ. ಪ್ರಯಾಣವೆಂದಷ್ಟೇ ಅದರ ಅರ್ಥ. ನೈರೋಬಿಯಿಂದ ಮೊಂಬಾಸಕ್ಕೆ ನೆಂಟರ ಮದುವೆಗೆ ಹೊರಟವನೂ ಅಲ್ಲಿಯ ಮಾತಿನಲ್ಲಿ ಸಫಾರಿಗೇ ಹೊರಟವನು. ಬೇಟೆಯ ಅರ್ಥವನ್ನು ಅದಕ್ಕೆ ತಗುಲಿಸಿದವರು ಹೊರಗಿನಿಂದ ಬಂದ ದೊರೆಗಳು. ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೋಡೋರ್ ರೂಸ್‌ವೆಲ್ಟರು 1909ರಲ್ಲಿ ಮಗನೊಡನೆ ಮೊಂಬಾಸಕ್ಕೆ ಬಂದಿಳಿದು ಒಳನಾಡಿಗೆ ಹೊರಟಾಗ ಅವರ ಹಿಂದೆ ಇನ್ನೂರಕ್ಕೂ ಮೇಲ್ಪಟ್ಟು ಹೊರೆಯಾಳುಗಳಿದ್ದರು. ಕೊಂದ ಪ್ರಾಣಿಗಳ ಚರ್ಮ ಕೆಡದಿರಲೆಂದು ನಾಲ್ಕು ಟನ್ನು ಉಪ್ಪು. ಬಿಡುವಿನಲ್ಲಿ ಓದುವುದಕ್ಕೆಂದು ಹಂದಿಯ ತೊಗಲಿನ ರಟ್ಟು ಕಟ್ಟಿಸಿದ ಐವತ್ತಕ್ಕೂ ಹೆಚ್ಚು ಪುಸ್ತಕಗಳು. ಆ ಕಾಲ ಕಳೆಯಿತು. ಕೆನ್ಯಾದಲ್ಲಿ 1977ರಲ್ಲಿ ಬೇಟೆಯನ್ನು ನಿಷೇಧಿಸಿದರು. ಈಗ ಹೊರೆಯಾಳುಗಳಿಲ್ಲ; ಅವರಿದ್ದ ಸ್ಥಳದಲ್ಲಿ ಹನ್ನೆರಡು ಮಂದಿ ಕೂರುವ ಪುಟ್ಟ ವಿಮಾನವಿದೆ. ಹೊರೆಯಾಳುಗಳಂತೆ ಅದು ಹೊತ್ತಷ್ಟನ್ನೂ ಹೊರುವುದಿಲ್ಲ.

ನೈರೋಬಿಯಿಂದ ಮಸಾಯ್ ಮಾರಾ ಎಂಬ ರಕ್ಷಿತಾರಣ್ಯಕ್ಕೆ ಹೋಗುವ ಇಂಥ ವಿಮಾನಗಳು ವಿಲ್ಸನ್ ಎಂಬ ಸಣ್ಣ ನಿಲ್ದಾಣದಿಂದ ಹೊರಡುತ್ತವೆ. ಅಲ್ಲಿ ಒಬ್ಬೊಬ್ಬರಿಗೆ ಸಾಮಾನ್ಯವಾಗಿ 15 ಕಿಲೋಗ್ರಾಮ್ ಮಾತ್ರ ಸಾಮಾನು. ಕೈಚೀಲವೂ ಅದರಲ್ಲಿಯೇ ಸೇರಬೇಕು. ನನ್ನ ಗಟ್ಟಿ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟಾಗ ಮುಳ್ಳು 23ನ್ನು ತೋರಿಸಿತು. ಗುಮಾಸ್ತೆ ಮುಗುಳ್ನಕ್ಕಳು. ಪೆಟ್ಟಿಗೆಯ ತೂಕ ಮಾತ್ರವಲ್ಲದೆ ಅದರ ಜಾತಿಯೂ ಸರಿಯಲ್ಲವೆಂದು ಆಗ ತಿಳಿಯಿತು. ವಿಮಾನದ ಹೊಟ್ಟೆಯ ಕೆಳಗಿನ ಕಿರಿದಾದ ಗೂಡಿನಲ್ಲಿ ಸಾಮಾನನ್ನು ತುರುಕುತ್ತಾರೆ. ಬಟ್ಟೆಯ ಚೀಲ ಮಡಿಸಿದಂತೆ ಮಡಿಯುತ್ತದೆ, ಗಾಲಿಯ ಪೆಟ್ಟಿಗೆ ಮಡಿಯುವುದಿಲ್ಲ.

ಈ ನಿರ್ಬಂಧ ವಿಮಾನದವರ ಜಿಪುಣತನದಿಂದ ಬಂದುದಲ್ಲ. ನೈರೋಬಿ ಸಮುದ್ರಮಟ್ಟದಿಂದ 1,700 ಮೀಟರಿನಷ್ಟು ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಕಡಲತೀರದ ಗಾಳಿಗಿಂತ ಆರೇಳರಲ್ಲಿ ಒಂದು ಪಾಲಿನಷ್ಟು ತೆಳ್ಳಗೆ. ಬಿಸಿಲೇರಿದರೆ ಇನ್ನೂ ತೆಳ್ಳಗೆ. ವಿಮಾನವನ್ನು ಎತ್ತುವುದು ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿಯಾದುದರಿಂದ, ಗಾಳಿ ತೆಳುವಾದಷ್ಟೂ ಅದು ನೆಲದ ಮೇಲೆ ಹೆಚ್ಚು ವೇಗವಾಗಿ, ಹೆಚ್ಚು ದೂರ ಓಡಿಯೇ ಏಳಬೇಕು. ಮಾರಾದ ಬಯಲಿನಲ್ಲಿ ಓಡುವುದಕ್ಕಿರುವುದಾದರೋ ಹುಲ್ಲು ಕೆರೆದು ಮಾಡಿದ ಮಣ್ಣಿನ ಹಾದಿ. ಅದರ ಕೊನೆಯಲ್ಲಿ ಅನೇಕವೇಳೆ ಜೀಬ್ರಾಗಳು ಮೇಯುತ್ತಿರುತ್ತವೆ. ನಾನು ಒಯ್ದಿದ್ದ ಎಂಟು ಕಿಲೋ ಹೆಚ್ಚಿನ ಸಾಮಾನು ಹನ್ನೆರಡು ಮಂದಿಯ ಪಾಲಿಗೆ ಬಂದರೆ ಒಬ್ಬ ದಪ್ಪ ಮನುಷ್ಯನ ತೂಕವಾಯಿತು.

ನಿಲ್ದಾಣದ ನೆಲದ ಮೇಲೆಯೇ ಪೆಟ್ಟಿಗೆ ಬಿಚ್ಚಿ, ಮಾವನವರ ಅಳಿಯ ತಂದಿದ್ದ ಬಟ್ಟೆಯ ಚೀಲಕ್ಕೆ ಬೇಕಾದುದನ್ನು ತುಂಬಿದೆ. ಹೋಗುತ್ತಿರುವುದು ಆಫ್ರಿಕಕ್ಕೆ, ಭೂಮಧ್ಯರೇಖೆಯ ಹತ್ತಿರಕ್ಕೆ. ಅಲ್ಲಿ ಉಣ್ಣೆಯ ಸ್ವೆಟರು ಯಾವ ಕೆಲಸಕ್ಕೆ? ಅದನ್ನೇ ಮೊದಲು ಹೊರಗೆ ತೆಗೆದೆ. ಆರು ತೆಳು ಅಂಗಿಗಳನ್ನು ಉಳಿಸಿಕೊಂಡೆ. ಮಾರನೆಯ ದಿನ ಬೆಳಗ್ಗೆ ಆರು ಗಂಟೆಗೆ, ಮೇಲ್ಛಾವಣಿ ತೆರೆದ ಜೀಪಿನಲ್ಲಿ ಮಾರಾದ ಗಾಳಿಗೆ ಮುಖವೊಡ್ಡಿ ಕುಳಿತಾಗ ಆ ಸ್ವೆಟರನ್ನು ನೆನೆದಷ್ಟು ನಾನು ಯಾವ ಮಿತ್ರನನ್ನೂ ನೆನೆದವನಲ್ಲ. ಮಾರಾದ ಬಯಲು 1,500 ಮೀಟರಿಗೂ ಎತ್ತರ; ನಮ್ಮ ಬೆಂಗಳೂರು ಇರುವುದು ಸುಮಾರು 920 ಮೀಟರಿನಲ್ಲಿ. ಟಾಂಜಾನಿಯಾಕ್ಕೆ ಹೋಗಿ ಙೊರೊಂಗೊರೊ ಎಂಬ ಆರಿದ ಜ್ವಾಲಾಮುಖಿಯ ಅಂಚಿನಲ್ಲಿ ಇಳಿದುಕೊಳ್ಳುವವರು ಹೆಚ್ಚುಕಡಮೆ ಉದಕಮಂಡಲದ ಎತ್ತರದಲ್ಲಿ ಮಲಗುತ್ತಾರೆ. ಅದೂ ಅಲ್ಲದೆ ಜೂನಿನಿಂದ ಆಗಸ್ಟಿನವರೆಗೆ ಅಲ್ಲಿ ಚಳಿಗಾಲ. ಹುಲ್ಲು ಒಣಗಿ, ವೈಲ್ಡ್‌ಬೀಸ್ಟ್ ಎಂಬ ಜಿಂಕೆಯ ಜಾತಿಯ ಪ್ರಾಣಿಗಳು ಲಕ್ಷಗಟ್ಟಲೆಯಾಗಿ ಮಾರಾ ಹೊಳೆಯನ್ನು ದಾಟುವುದನ್ನು ನೋಡಲು ಜನ ಹೋಗುವುದೂ ಜುಲೈಯಿಂದ ಅಕ್ಟೋಬರಿನೊಳಗೆ. ನೋಡುವ ಕಾಲವೂ ಚಳಿಯ ಕಾಲವೂ ಬಹುಪಾಲು ಒಂದೇ ಆಯಿತು.

ಆದುದರಿಂದ ಒಂದರ ಮೇಲೊಂದು ತೊಡುವಂಥ ಬಟ್ಟೆ ಬೇಕು: ಒಳಗೆ ಹತ್ತಿಯದು, ಮೇಲೆ ಉಣ್ಣೆಯದು, ಅದರ ಮೇಲೆ ಗಾಳಿ ತಡೆಯುವ ಒಂದು ಜಾಕೀಟು. ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರಿ ಒಂದೊಂದಾಗಿ ಎಲ್ಲವನ್ನೂ ಕಳಚಬೇಕಾಗುತ್ತದೆ. ಕಿವಿ ಮುಚ್ಚುವ ಟೋಪಿಯನ್ನು ನೋಡಿ ನಗುವವರು ನಗಲಿ. ಬಟ್ಟೆ ಮೂರು ಜೊತೆಯಿದ್ದರೆ ಸಾಕು. ಬಿಡಾರಗಳಲ್ಲಿ ಒಗೆದು ಕೊಡುತ್ತಾರೆ. ಒಳ ಉಡುಪುಗಳನ್ನು ಮಾತ್ರ ಅನೇಕ ಕಡೆ ಅಲ್ಲಿಯ ಸಂಪ್ರದಾಯದಂತೆ ಮುಟ್ಟುವುದಿಲ್ಲ, ಅದಕ್ಕೊಂದು ಬಿಲ್ಲೆ ಸಾಬೂನು ಇಟ್ಟುಕೊಂಡಿರಬೇಕು. ಹಾಸಿಗೆಯೊಳಗೆ ರಾತ್ರಿ ಬಿಸಿನೀರಿನ ರಬ್ಬರ್ ಚೀಲವೊಂದನ್ನು ಇಟ್ಟುಹೋಗುವ ಪದ್ಧತಿಯೂ ಉಂಟು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಕತ್ತಲಲ್ಲಿ ಕಾಲಿಗೆ ಬೆಚ್ಚಗೆ, ಮೆತ್ತಗೆ ಏನೋ ತಗುಲಿ ಮಾವನವರು ಕೂಗಿಕೊಂಡ ಕೂಗಿಗೆ ಕಾವಲುಗಾರನು ಈಟಿ ಹಿಡಿದು ಓಡಿಬಂದನು.

ಬಟ್ಟೆಯ ಬಣ್ಣದ ವಿಚಾರದಲ್ಲಿ ಅಂಗಡಿಯವರು ಮಾಡುವಷ್ಟು ಆಡಂಬರ ಬೇಕಿಲ್ಲ. ಸ್ತನಿಗಳಲ್ಲಿ ಬಹುಪಾಲಿಗೆ ಕೆಂಪು ಹಸುರುಗಳ ಭೇದ ನಮಗೆ ಕಾಣುವಂತೆ ಕಾಣಿಸದು. ಜೀಪಿನೊಳಗೆ ಕುಳಿತವನ ಅಂಗಿ ಯಾವುದೆಂದು ಸಿಂಹ ವಿಚಾರಿಸುವುದಿಲ್ಲ. ಎದ್ದುನಿಂತು ಕೈಬೀಸಿದರೆ ಗಮನಿಸುತ್ತದೆ. ಖಾಕಿ ಒಳ್ಳೆಯದೆನ್ನುವುದಕ್ಕೆ ಮುಖ್ಯ ಕಾರಣ ಅದರ ಹೆಸರಿನಲ್ಲಿಯೇ ಇದೆ: ಪಾರಸಿಯಲ್ಲಿ ಖಾಕ್ ಎಂದರೆ ಧೂಳು. ಒಣಗಾಲದಲ್ಲಿ ಜೀಪಿನ ಹಿಂದೆ ಏಳುವ ಧೂಳು ಬಿಳಿಯ ಅಂಗಿಯನ್ನು ಒಂದು ಗಂಟೆಯಲ್ಲಿ ಖಾಕಿ ಮಾಡುತ್ತದೆ. ಮೊದಲೇ ಖಾಕಿಯಾದರೆ ಆ ಶ್ರಮ ಉಳಿಯಿತು. ಆದರೆ ಕಡುನೀಲಿ ಮತ್ತು ಕಪ್ಪು ಬಣ್ಣಗಳ ಮೇಲಿನ ಆಕ್ಷೇಪಣೆ ನಿಜವಾದದ್ದು. ತ್ಸೆತ್ಸೆ ಎಂಬ ನೊಣವುಂಟಷ್ಟೆ, ನಿದ್ರಾರೋಗವನ್ನು ಹರಡುವುದು? ಅದು ಈ ಬಣ್ಣಗಳಿಗೆ ಮರುಳಾಗಿ ಬರುತ್ತದೆ. ಅದನ್ನು ಕೊಲ್ಲುವುದಕ್ಕೆಂದು ನೀಲಿ ಕಪ್ಪು ಬಟ್ಟೆಗೆ ಕೀಟನಾಶಕ ಹಚ್ಚಿ ಕಾಡಿನಲ್ಲಿ ಕಟ್ಟಿರುತ್ತಾರೆ. ಅದರ ಕಡಿತ ತೆಳು ಬಟ್ಟೆಯನ್ನು ತೂರಿ ಬರುತ್ತದೆ. ಸೊಳ್ಳೆಗೆ ಹಚ್ಚಿಕೊಳ್ಳುವ ಲೇಪಗಳಿಗೆ ಅದು ಅಷ್ಟಾಗಿ ಹೆದರುವುದಿಲ್ಲ. ಟಾಂಜಾನಿಯಾದ ಟಾರಂಗಿರೆಯಂಥ ಪೊದೆಗಾಡುಗಳಿಗೆ ಹೋಗುವವರು ನೀಲಿಯ ಜೀನ್ಸು ಷರಾಯಿಯನ್ನು ಮನೆಯಲ್ಲಿಯೇ ಬಿಡುವುದು ಲೇಸು. ಸೈನಿಕರ ಚಿತ್ತಾರದ ಮಚ್ಚೆಮಚ್ಚೆ ಬಟ್ಟೆಯನ್ನಂತೂ ಒಯ್ಯಲೇಬಾರದು. ಜಾಂಬಿಯಾ, ಜಿಂಬಾಬ್ವೆ ಮೊದಲಾದ ದೇಶಗಳಲ್ಲಿ ಸೈನಿಕರಲ್ಲದವರು ಅದನ್ನು ತೊಡುವುದು ಅಪರಾಧ.

ಎತ್ತರದ ಬೂಟ್ಸುಗಳನ್ನು ಕೊಂಡು ದುಡ್ಡು ಕಳೆಯಬೇಕಾದುದಿಲ್ಲ. ಕಾಲುನಡಿಗೆಯ ಸಫಾರಿಗೆ ಹೋಗದಿದ್ದರೆ, ಗೊತ್ತಾದ ಕೆಲವು ಸ್ಥಳಗಳನ್ನು ಬಿಟ್ಟು ಜೀಪಿನಿಂದ ಕೆಳಗಿಳಿಯುವುದೇ ಇಲ್ಲ. ಹಳೆಯ ಕ್ಯಾನ್ವಾಸು ಬೂಟು ಸಾಕು. ನಮ್ಮ ಕಡೆಯ ಹತ್ತಿಯ ಟವಲೊಂದು ಹೆಗಲ ಮೇಲಿದ್ದರೆ ಧೂಳಿಗೆ ಮೂಗು ಮುಚ್ಚಲು, ಕ್ಯಾಮರಾ ಸುತ್ತಲು, ಬಿಸಿಲಿಗೆ ಕತ್ತು ಮರೆಸಲು, ಎಲ್ಲಕ್ಕೂ ಆಯಿತು. ಇದಕ್ಕೆ ಸಮನಾದುದನ್ನು ಸಫಾರಿಯ ಅಂಗಡಿಗಳಲ್ಲಿ ನಾನು ಕಾಣಲಿಲ್ಲ. ದೊಡ್ಡ ಕ್ಯಾಮರಾ ಉಳ್ಳವರು ಮೂರು ಕಾಲಿನ ಪೀಠವನ್ನು ಹೊರುವುದು ವ್ಯರ್ಥ, ಜೀಪಿನಲ್ಲಿ ಅದನ್ನು ನಿಲ್ಲಿಸಲು ಸ್ಥಳವಿಲ್ಲ. ಬರಿದಾದ ಒಂದು ಬಟ್ಟೆಯ ಚೀಲವನ್ನು ಹೊಲಿಸಿಕೊಂಡು ಹೋಗಿ, ಅಲ್ಲಿ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿ, ಜೀಪಿನ ಅಂಚಿನ ಮೇಲಿಟ್ಟು, ಅದರ ಮೇಲೆ ಕ್ಯಾಮರಾ ಊರಿದರೆ ಅಲುಗಾಡದು. ಬರುವಾಗ ಅಕ್ಕಿಯನ್ನು ಅಡಿಗೆಯವನಿಗೆ ಕೊಟ್ಟು ಬರಬಹುದು.

ಹಗುರ ಮಾಡಬೇಕೆಂಬ ಹಟದಲ್ಲಿ ದುರ್ಬೀನನ್ನು ಬಿಡಬಾರದು. ಮೂವರಿಗೆ ಒಂದಾದರೆ ಸಾಲದೇ ಎಂಬ ಪ್ರಶ್ನೆಯನ್ನು ನಾನೇ ಕೇಳಿ ಒಂದನ್ನೇ ಒಯ್ದಿದ್ದೆ. ಅತ್ತಿಮರದ ಕೊಂಬೆಯ ಮೇಲಿದ್ದ ಚಿರತೆಯನ್ನು ಮಾವನವರು ನೋಡಿದರು, ಅವರ ಅಳಿಯ ನೋಡಿದರು. ನನ್ನ ಸರದಿ ಬರುವಷ್ಟರಲ್ಲಿ ಕೊಂಬೆ ಮಾತ್ರ ಉಳಿದಿತ್ತು. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ, ವಸ್ತುವನ್ನು ಎಂಟುಪಟ್ಟು ಹತ್ತಿರ ಮಾಡುತ್ತದೆಂದೂ ಮುಂದಿನ ಗಾಜಿನ ಅಗಲ 42 ಮಿಲಿಮೀಟರೆಂದೂ ಅರ್ಥ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಐದೂಕಾಲು ಮಿಲಿಮೀಟರು, ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ. ನಸುಕಿನಲ್ಲಿಯೂ ಮುಚ್ಚಂಜೆಯಲ್ಲಿಯೂ ನಮ್ಮ ಕಣ್ಣಿನ ಪಾಪೆ ಹೆಚ್ಚುಕಡಮೆ ಅಷ್ಟೇ ಅರಳುತ್ತದೆ. ಸಿಂಹ ಚಿರತೆಗಳು ಓಡಾಡುವುದೂ ಆ ಹೊತ್ತಿನಲ್ಲಿಯೇ. ಜೇಬಿನಲ್ಲಿ ಹಿಡಿಯುವ 8×25 ಕೊಡುವುದು ಮೂರು ಮಿಲಿಮೀಟರು ಮಾತ್ರ. ಹಗಲಿಗೆ ಸಾಕು, ಮುಸ್ಸಂಜೆಗೆ ಸಾಲದು. ಹತ್ತುಪಟ್ಟು, ಹನ್ನೆರಡುಪಟ್ಟಿನವು ನಮ್ಮ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತವೆ.

ತಿಂಡಿಯ ಗಂಟಿನ ಮಾತು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳು ನನ್ನ ಪೆಟ್ಟಿಗೆಯಲ್ಲಿ ಮೂರು ಕಿಲೋ ಆಗಿದ್ದವು. ಪೂರ್ವ ಆಫ್ರಿಕದಲ್ಲಿ ಭಾರತೀಯರು ನೂರು ವರ್ಷಕ್ಕೂ ಮಿಕ್ಕು ಅಂಗಡಿ ಇಟ್ಟಿರುವರೆಂಬುದನ್ನು ಮರೆತವನ ಕೆಲಸ ಅದು. ಸ್ವಾಹಿಲಿಯಲ್ಲಿ ಅಂಗಡಿ ದುಕಾ, ವಾಹನ ಗಾರಿ, ಚಹ ಚಾಯ್, ಚಪಾತಿ ಚಪಾತಿಯೇ. ಸಸ್ಯಾಹಾರಿಯೆಂದು ಮೊದಲೇ ತಿಳಿಸಿದರೆ ಬಿಡಾರದಲ್ಲಿ ಯಾರೂ ಹಸಿದಿರಬೇಕಾಗಿಲ್ಲ. ಆ ಗಂಟಿನ ಇನ್ನೊಂದು ದೋಷವೆಂದರೆ ನಮ್ಮ ಮನೆಯವರು ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದರು. ಕೆನ್ಯಾದಲ್ಲಿ ಇಂಥ ಕೈಚೀಲಗಳನ್ನು 2017ನೆಯ ಆಗಸ್ಟ್ 28ರಿಂದ ನಿಷೇಧಿಸಿ ಭಾರಿ ದಂಡವನ್ನೂ ಸೆರೆಮನೆಯನ್ನೂ ವಿಧಿಸಿದ್ದಾರೆ. ರಕ್ಷಿತಾರಣ್ಯಗಳೊಳಕ್ಕೆ 2020ನೆಯ ಜೂನ್ ತಿಂಗಳಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಸೀಸೆಯನ್ನೂ ಬಿಡುವುದಿಲ್ಲ. ಬಟ್ಟೆಯ ಚೀಲ, ಲೋಹದ ನೀರಿನ ಸೀಸೆ ಇಟ್ಟುಕೊಳ್ಳಬೇಕು. ವಿದ್ಯುತ್ತಿನ ಗೂಡುಗಳು ಇಂಗ್ಲೆಂಡಿನ ಮಾದರಿಯವು, ಚಪ್ಪಟೆಯಾದ ಮೂರು ಮೊಳೆಯವು. ನಮ್ಮ ದುಂಡುಮೊಳೆ ಹಿಡಿಯದು.

ಇನ್ನು ರೋಗಗಳ ಮಾತು. ಇವುಗಳಲ್ಲಿ ಒಂದಕ್ಕೆ ಕಾಗದ ಬೇಕು, ಇನ್ನೊಂದಕ್ಕೆ ಗುಳಿಗೆ ಬೇಕು.

ಕಾಗದ ಬೇಕಾದುದು ಪೀತಜ್ವರಕ್ಕೆ. ಈ ರೋಗ ಭಾರತದಲ್ಲಿಲ್ಲ; ಅದನ್ನು ಹರಡಬಲ್ಲ ಸೊಳ್ಳೆ, ಡೆಂಗ್ಯೂವನ್ನು ಹರಡುವ ಅದೇ ಸೊಳ್ಳೆ, ಧಾರಾಳವಾಗಿದೆ. ಒಬ್ಬ ರೋಗಿ ಬಂದಿಳಿದರೆ ಏನಾದೀತೆಂಬ ಭಯದಿಂದ ನಮ್ಮ ಸರ್ಕಾರವು ಬಹಳ ಕಟ್ಟುನಿಟ್ಟು. ಕೆನ್ಯಾದಂಥ ದೇಶದಿಂದ ಹಿಂದಿರುಗುವವನು ಚುಚ್ಚುಮದ್ದಿನ ಹಳದಿ ಪುಸ್ತಿಕೆಯನ್ನು ತೋರಿಸದಿದ್ದರೆ ಆರು ದಿನಗಳವರೆಗೆ ಬೇರೆಯಿಡುತ್ತಾರೆ. ಅವನು ಇಲ್ಲಿಯವನೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಪುಸ್ತಿಕೆ ಜಾರಿಗೆ ಬರುವುದು ಚುಚ್ಚಿಸಿದ ಹತ್ತು ದಿನಗಳ ಮೇಲೆ. ಒಮ್ಮೆ ಚುಚ್ಚಿಸಿದರೆ 2016ರಿಂದೀಚಿನ ನಿಯಮದಂತೆ ಆಯುಷ್ಯವೆಲ್ಲ ನಡೆಯುತ್ತದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಇದು ದೊರೆಯುವುದರಿಂದ ಒಂದು ತಿಂಗಳು ಮುಂಚೆ ವಿಚಾರಿಸಬೇಕು. ಕೋಳಿಮೊಟ್ಟೆಯಲ್ಲಿ ಬೆಳೆಸಿದ ಮದ್ದಾದುದರಿಂದ ಮೊಟ್ಟೆ ಒಗ್ಗದವರೂ, ಅರುವತ್ತು ದಾಟಿದವರೂ ವೈದ್ಯರಿಗೆ ಅದನ್ನು ಹೇಳಿಯೇ ಚುಚ್ಚಿಸಿಕೊಳ್ಳಬೇಕು. ಮಾವನವರು ಹಾಗೆಯೇ ಮಾಡಿದರು. ಈ ವಿಷಯದಲ್ಲಿ ಅವರು ನನಗಿಂತ ಜಾಗರೂಕರು.

ಗುಳಿಗೆಯ ವಿಷಯದಲ್ಲಿ ಆಗಲಿಲ್ಲ. ಮಲೇರಿಯಾ ಎಂದರೆ ನಮ್ಮವರಿಗೆ ಒಂದು ತಾತ್ಸಾರ. ಹುಟ್ಟಿದಂದಿನಿಂದ ಸೊಳ್ಳೆ ಕಚ್ಚಿಸಿಕೊಂಡವರಿಗೆ ಹೊಸದಾಗಿ ಏನಾದೀತೆಂದು. ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಜೀವಾಣುವನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡದ್ದೂ ನಮ್ಮ ಸಿಕಂದರಾಬಾದಿನಲ್ಲಿಯೇ. ಆದರೆ ಎಷ್ಟೋ ಬಾರಿ ಆ ಜ್ವರವನ್ನೇ ಅನುಭವಿಸಿದವರಿಗೆ ಸ್ವಲ್ಪಮಟ್ಟಿಗೆ ಬರುವ ತಡೆಶಕ್ತಿ, ಊರು ಬಿಟ್ಟ ಕೆಲವು ವರ್ಷಗಳಲ್ಲಿ ಕುಗ್ಗಿಹೋಗುತ್ತದೆ. ಮೈಸೂರಿನಂಥ ನಗರದ ಸೊಳ್ಳೆಯ ಕಡಿತದಿಂದ ಅದು ಬರುವುದೇ ಇಲ್ಲ. ಅಲ್ಲದೆ ಆಫ್ರಿಕದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ ಎಂಬ ಜಾತಿ, ಮಿದುಳಿಗೆ ಏರಿ ಕೊಲ್ಲಬಲ್ಲುದು.

ವೈದ್ಯರು ನಮಗೆ ಬರೆದುಕೊಟ್ಟುದು ಅಟೊವಾಕ್ವೋನ್ ಪ್ರೋಗ್ವಾನಿಲ್‌ಗಳನ್ನು ಕೂಡಿಸಿದ ಗುಳಿಗೆ. ಹೊರಡುವ ಒಂದೆರಡು ದಿನ ಮುಂಚಿನಿಂದ, ಅಲ್ಲಿರುವಷ್ಟು ದಿನವೂ, ಬಂದ ಮೇಲೆ ಏಳು ದಿನವೂ ದಿನಕ್ಕೊಂದು. ಬಂದ ಮೇಲೆ ಏಕೆ? ಸೊಳ್ಳೆ ಕಚ್ಚಿದೊಡನೆ ಜೀವಾಣು ರಕ್ತದಲ್ಲಿ ನಿಲ್ಲದೆ ಪಿತ್ತಜನಕಾಂಗದಲ್ಲಿ ಅಡಗಿ, ಅಲ್ಲಿ ಒಂದು ವಾರದಷ್ಟು ಕಾಲ ಬೆಳೆದು, ಆಮೇಲೆ ರಕ್ತಕ್ಕೆ ಇಳಿಯುತ್ತದೆ. ಕೊನೆಯ ರಾತ್ರಿಯ ಕಡಿತಕ್ಕೆ ಊರಿನಲ್ಲಿ ಔಷಧ ಬೇಕು. ಈ ಗುಳಿಗೆ ಅಡಗಿರುವಾಗಲೂ ಅದನ್ನು ಹೊಡೆಯುವುದರಿಂದ ಏಳು ದಿನ ಸಾಕು; ಡಾಕ್ಸಿಸೈಕ್ಲಿನ್ ಹೆಚ್ಚಾಗಿ ರಕ್ತದಲ್ಲಿ ಕೆಲಸ ಮಾಡುವುದರಿಂದ ಅದನ್ನು ನಾಲ್ಕು ವಾರ ಮುಂದುವರಿಸಬೇಕು. ಯಾರಿಗೆ ಯಾವುದೆಂಬುದನ್ನು ವೈದ್ಯರೇ ಹೇಳಬೇಕು.

ಹಿಂದಿರುಗುವ ಮುನ್ನ ಎರಡು ರಾತ್ರಿ ಮೊಂಬಾಸದ ಕಡಲತೀರದಲ್ಲಿದ್ದೆವು. ಮೈಸೂರಿಗೆ ಬಂದ ದಿನ ಮಾವನವರು ಒಂದು ಗುಳಿಗೆ ನುಂಗಿದರು. ಮಾರನೆಯ ದಿನ ಜ್ಞಾಪಿಸಿದಾಗ, “ಆಫ್ರಿಕವೇ ಹಿಂದೆ ಬಿದ್ದ ಮೇಲೆ ಅದರ ಔಷಧವೇಕಯ್ಯ?” ಎಂದರು. ನಾನೂ ನಕ್ಕು ಸುಮ್ಮನಾದೆ. ನನ್ನ ಪಾಲಿನ ತಪ್ಪು ಅದು. ಹನ್ನೆರಡನೆಯ ದಿನ ಚಳಿ ಬಂದಿತು. ಊರಿನಲ್ಲೆಲ್ಲ ಜ್ವರ ಹರಡಿದ್ದ ಕಾಲ. ಹತ್ತಿರದ ವೈದ್ಯರು ಅದೇ ಇದೆಂದರು. ಎಲ್ಲಿಗೆ ಹೋಗಿದ್ದಿರೆಂದು ಅವರು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಮೂರನೆಯ ದಿನ ಸಂಜೆ ಮಾತು ತೊದಲಿ, ನನ್ನನ್ನು ತೀರಿಹೋದ ಅವರ ತಮ್ಮನ ಹೆಸರಿನಿಂದ ಕರೆದರು. ಆ ಹೊತ್ತಿಗೆ ನೈರೋಬಿಯಿಂದ ಅವರ ಮಗಳ ಫೋನು ಬಂದಿತು. ಅವಳು ಕೇಳಿದ ಮೊದಲನೆಯ ಮಾತು, “ಭಾವ, ಮಲೇರಿಯಾಕ್ಕೆ ರಕ್ತ ತೆಗೆದು ನೋಡಿದರಾ?” ಅಲ್ಲಿ ವಾಸಿಸುವವರಿಗೆ ಅದು ಸಹಜವಾದ ಪ್ರಶ್ನೆ. ನಮಗೆ ಹೊಳೆದಿರಲಿಲ್ಲ. ಅಂದು ರಾತ್ರಿ ಆಸ್ಪತ್ರೆಯಲ್ಲಿ ರಕ್ತದಲ್ಲಿ ಫಾಲ್ಸಿಪಾರಂ ಕಂಡಿತು. ಆರ್ಟಿಸುನೇಟನ್ನು ನರಕ್ಕೆ ಕೊಟ್ಟರು. ಆರು ದಿನ ಅಲ್ಲಿದ್ದರು. ಇನ್ನೊಂದು ದಿನ ತಡವಾಗಿದ್ದರೆ ಎಂದು ಅಲ್ಲಿಯ ವೈದ್ಯರು ಹೇಳಲು ಹೊರಟು ಅತ್ತೆಯವರ ಮುಖ ನೋಡಿ ನಿಲ್ಲಿಸಿದರು.

ಸಫಾರಿಗೆ ಹೋಗಿಬಂದವರು ಮುಂದೆ ಕೆಲವು ತಿಂಗಳೊಳಗೆ ಜ್ವರ ಬಂದರೆ, ಯಾವ ವೈದ್ಯರ ಬಳಿ ಹೋದರೂ, ಅವರು ನಾಡಿ ಹಿಡಿಯುವ ಮುಂಚೆಯೇ ‘ಆಫ್ರಿಕಕ್ಕೆ ಹೋಗಿದ್ದೆ’ ಎಂಬುದನ್ನು ಹೇಳಿಬಿಡಬೇಕು. ಗುಳಿಗೆಗಳನ್ನು ಪೂರ್ತಿ ನುಂಗಿದ್ದರೂ ಹೇಳಬೇಕು. ಚೀಲದಲ್ಲಿ ಗುಳಿಗೆಯ ಜೊತೆಗೆ ಡೀಟ್ ಎಂಬ ಸೊಳ್ಳೆಯ ಲೇಪವೂ, ಸಂಜೆಗೆ ತೋಳು ಮುಚ್ಚುವ ಅಂಗಿಯೂ ಇರಬೇಕು. ಮಲೇರಿಯಾದ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ. ಗುಳಿಗೆ, ಹಳದಿ ಪುಸ್ತಿಕೆ, ಕನ್ನಡಕ ಇವು ಮೂರೂ ಮೈಮೇಲಿನ ಕೈಚೀಲದಲ್ಲಿರಲಿ. ದೊಡ್ಡ ಚೀಲ ಬೇರೆ ವಿಮಾನದಲ್ಲಿ ಬೇರೆ ಊರಿಗೆ ಹೋಗುವುದುಂಟು.

ಮಾವನವರು ಈಗ ಚೆನ್ನಾಗಿದ್ದಾರೆ. ಟಾರಂಗಿರೆಯ ಆನೆಗಳನ್ನು ನೋಡಬೇಕೆಂದು ಮತ್ತೆ ಹೊರಟಿದ್ದಾರೆ. ಮೊನ್ನೆ ಮನೆಗೆ ಬಂದು ನನ್ನ ಬಟ್ಟೆಯ ಚೀಲವನ್ನೂ ದುರ್ಬೀನನ್ನೂ ಸ್ವೆಟರನ್ನೂ ಕೇಳಿ ತೆಗೆದುಕೊಂಡರು. ಬಾಗಿಲ ಹತ್ತಿರ ನಿಂತು, ಆಗ ಹಾಳೆಯಲ್ಲಿ ಉಳಿದುಹೋದ ಆರು ಗುಳಿಗೆಗಳಿವೆ, ಅವು ಈ ಸಲಕ್ಕೆ ನಡೆದಾವೋ ಎಂದು ವಿಚಾರಿಸಿದರು. ಅವಧಿ ಮೀರಿರುತ್ತದೆ, ಹೊಸದನ್ನೇ ಕೊಳ್ಳಿ ಎಂದೆ.